ಅದು ಹಟ ಅಲ್ಲ ಕಣೋ

ಪ್ರೀತಿಯ ಗೆಳೆಯಾ,

"ತಂಗಿಗೆ ಹಟ ಜಾಸ್ತಿಯಾಗಿದೆ, ಹೊಟ್ಟೆ ಚುರುಗುಟ್ಟಿದರೆ ತಾನೇ ತಿಂತಾಳೆ ಬಿಡು" ಅಂತ ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ಆವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಅದು ಹಟ ಅಲ್ಲ ಕಣೋ, ದಪ್ಪಗಾಗುವ ಭಯದಲ್ಲಿ ಊಟ ಬಿಡಿಸುವ ಕಾಯಿಲೆ ಇರಬಹುದು, ಈಟಿಂಗ್ ಡಿಸಾರ್ಡರ್ ಅಂತಾರೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನೂ ಹಾಗೇ ಇದ್ದೆ. ನಿನಗೂ ಹೇಳಿರಲಿಲ್ಲ.

ಆಗ ಮನೆಯವರಿಗೆಲ್ಲ ನಾನೇ ಅಡುಗೆ ಮಾಡಿ ಬಡಿಸುತ್ತಿದ್ದೆ. ಅವರು ಉಣ್ಣುವಾಗ ಎದುರು ಕೂತು ಒಂದೊಂದು ತುತ್ತನ್ನೂ ನೋಡುತ್ತಿದ್ದೆ. ನನ್ನ ತಟ್ಟೆ ಮಾತ್ರ ಹಾಗೇ ಇರುತ್ತಿತ್ತು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಬಿಸಿಲಲ್ಲೂ ಬೆರಳ ತುದಿ ತಣ್ಣಗೆ. ಮುಂಗೈ ಮೇಲೆ ಎಳೆಮಗುವಿಗಿರುವಂಥ ನವಿರು ಕೂದಲು ಬಂದಿತ್ತು. ಮುಟ್ಟು ನಿಂತಿತ್ತು. ಅದೇ ಹೊತ್ತಿಗೆ ಬಂದವರೆಲ್ಲ "ಸಣ್ಣಗಾಗಿದ್ದೀಯ, ಎಷ್ಟು ಚೆನ್ನಾಗಿ ಕಾಣ್ತೀಯ!" ಅನ್ನುತ್ತಿದ್ದರು. ಆ ಹೊಗಳಿಕೆ ಕೇಳಿ ಮತ್ತೊಂದು ಹೊತ್ತಿನ ಊಟ ಬಿಡುತ್ತಿದ್ದೆ. ಕನ್ನಡಿಯಲ್ಲಿ ನನಗೆ ಕಾಣುತ್ತಿದ್ದವಳು ಮಾತ್ರ ದಪ್ಪ ಹುಡುಗಿಯೇ.

1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ತಾವಾಗಿಯೇ ಮುಂದೆ ಬಂದ 36 ಗಟ್ಟಿಮುಟ್ಟಾದ ಗಂಡಸರಿಗೆ ಸುಮಾರು 6 ತಿಂಗಳು ಅರೆಹೊಟ್ಟೆ ಊಟ. ಯುದ್ಧದಲ್ಲಿ ಹಸಿದವರಿಗೆ ಮತ್ತೆ ಹೇಗೆ ಉಣ್ಣಿಸಬೇಕು ಅಂತ ತಿಳಿಯುವುದಕ್ಕೆ. ಸಣ್ಣಗಾಗಬೇಕು ಅಂತ ಬಂದವರಲ್ಲ ಅವರು. ಆದರೂ ಅಡುಗೆ ಪುಸ್ತಕ ಹಿಡಿದು ಕೂತರು. ಒಂದು ಊಟವನ್ನು ಎಷ್ಟೋ ಹೊತ್ತು ಎಳೆದರು. ಜನರಿಂದ ದೂರವಾದರು, ಸುಮ್ಸುಮ್ನೆ ಸಿಡುಕಿದರು. ಇದನ್ನು ಓದಿದ ದಿನ ನಾನು ಅತ್ತುಬಿಟ್ಟೆ. ಅದು ನನ್ನ ಗುಣ ಅಲ್ಲ, ಹಸಿವಿನ ಗುಣ ಅಂತ ಆವತ್ತು ಗೊತ್ತಾಯಿತು. ಕಾಯಿಲೆ ಊಟ ಬಿಡಿಸುತ್ತದೆ, ಬಿಟ್ಟ ಊಟ ಕಾಯಿಲೆಯನ್ನು ಬೆಳೆಸುತ್ತದೆ. ಹಸಿದಾಗ ತಿಂತಾಳೆ ಅಂತ ಕಾಯಬೇಡ.

"ಇದೆಲ್ಲ ಅವಳ ತಲೆಗೆ ಎಲ್ಲಿಂದ ಬಂತು?" ಅಂತ ಕೇಳಿದೆಯಲ್ಲ. ಫಿಜಿಯ ಒಂದು ಭಾಗಕ್ಕೆ 1995ರಲ್ಲಿ ಟಿವಿ ಬಂತು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೀರಾ ಅಂತ ಆಗ ಶಾಲೆಯ ಹುಡುಗಿಯರನ್ನು ಕೇಳಿದರೆ ಒಬ್ಬಳೂ ಹೌದು ಅಂದಿರಲಿಲ್ಲ. 1998ರಲ್ಲಿ ಕೇಳಿದಾಗ ನೂರಕ್ಕೆ 11 ಹುಡುಗಿಯರು ಹೌದು ಅಂದರು. ಬರೀ ಟಿವಿಯಿಂದಲೇ ಈ ಕಾಯಿಲೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ನಿನ್ನ ತಂಗಿಯ ಕೈಯಲ್ಲಿ ದಿನವಿಡೀ ಮೊಬೈಲ್ ಇದೆ, ಅಲ್ವಾ?

ಅವಳ ಮೈ ಬಗ್ಗೆ ಒಂದು ಮಾತೂ ಆಡಬೇಡ, ಒಳ್ಳೆಯದಾದರೂ ಸರಿ. ಬೇಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಾಡಿ, ಬಿಪಿ, ಇಸಿಜಿ, ರಕ್ತದಲ್ಲಿ ಪೊಟ್ಯಾಸಿಯಂ, ಎಲ್ಲ ನೋಡಿಸು. ವಾಂತಿ ಮಾಡಿಕೊಳ್ಳುತ್ತಿದ್ದರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ತೂಕ ಸರಿಯಾಗಿದೆ ಅಂತಲೂ ಸುಮ್ಮನಿರಬೇಡ, ನೋಡಲು ಸಾಮಾನ್ಯವಾಗಿರುವವರಿಗೂ ಈ ಕಾಯಿಲೆ ಇರುತ್ತದೆ. ಗಾಬರಿಯಾಗಿ ಒಂದೇ ಸಲ ಜಾಸ್ತಿ ತಿನ್ನಿಸಲೂ ಹೋಗಬೇಡ. ಬಹಳ ದಿನ ಊಟ ಬಿಟ್ಟವರಿಗೆ ಅದೂ ಅಪಾಯ. ಎಷ್ಟು, ಹೇಗೆ ಅಂತ ಡಾಕ್ಟರೇ ಹೇಳಲಿ. ಮನೋವೈದ್ಯರನ್ನೂ ಕಾಣಬೇಕಾಗುತ್ತದೆ. ಅದಕ್ಕೆ ನಾಚಿಕೆ ಬೇಡ.

ನನಗೆ ಔಷಧಿಗಿಂತ ಹೆಚ್ಚು ನೆನಪಿರುವುದು ನಮ್ಮಕ್ಕ. ತಿಂಗಳುಗಟ್ಟಲೆ ಪ್ರತಿ ಊಟಕ್ಕೂ ಪಕ್ಕದಲ್ಲಿ ಕೂತಳು. ತಟ್ಟೆ ನೋಡುತ್ತಿರಲಿಲ್ಲ. ಓದಿದ್ದು, ಕಂಡಿದ್ದು, ಏನೇನೋ ಹೇಳುತ್ತಿದ್ದಳು. ನಾನು ಅಳುತ್ತಾ ತಿಂದರೂ ಎದ್ದು ಹೋಗುತ್ತಿರಲಿಲ್ಲ.

ಇವತ್ತು ರಾತ್ರಿ ನೀನೂ ತಂಗಿ ಪಕ್ಕ ಕೂರು. ಅವಳು ಒಪ್ಪಿದರೆ ನನ್ನ ನಂಬರ್ ಕೊಡು. ಎಷ್ಟು ಹೊತ್ತಿಗೆ ಮಾಡಿದರೂ ಎತ್ತುತ್ತೇನೆ.

ನಿನ್ನ ಗೆಳತಿ