ಅರ್ಧಕ್ಕೆ ನಿಂತ ವಂದನಾರ್ಪಣೆಯ ಉಳಿದ ಭಾಗ

ಕಳೆದ ಭಾನುವಾರ ಗದಗ ಸಮೀಪದ ನಮ್ಮ ಪ್ರೌಢಶಾಲೆಯಲ್ಲಿ 1994ರ ಎಸ್ಸೆಸ್ಸೆಲ್ಸಿ ತಂಡದವರು ಏರ್ಪಡಿಸಿದ್ದ ಗುರುವಂದನೆಯಲ್ಲಿ ವಂದನಾರ್ಪಣೆಯ ಹೊಣೆ ನನ್ನ ಪಾಲಿಗೆ ಬಂದಿತ್ತು. ಚೀಟಿಯಲ್ಲಿ ಬರೆದುಕೊಂಡಿದ್ದರಲ್ಲಿ ಅರ್ಧದಷ್ಟನ್ನೂ ಹೇಳಲು ಆಗಲಿಲ್ಲವಾದ್ದರಿಂದ ಉಳಿದದ್ದನ್ನು ಇಲ್ಲಿ ಬರೆದು ಒಪ್ಪಿಸುತ್ತಿದ್ದೇನೆ.

ನಾನು ಉಗ್ಗುತ್ತಿದ್ದ ಹುಡುಗ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದಲೇ ಇದ್ದರೂ, ಗದಗ ಇನ್ನೂ ಧಾರವಾಡ ಜಿಲ್ಲೆಗೇ ಸೇರಿದ್ದ ಆ ದಿನಗಳಲ್ಲಿ ಅದರ ಸುದ್ದಿ ನಮ್ಮ ಮನೆಯವರೆಗೆ ಬಂದಿರಲಿಲ್ಲ. ಪಕಾರ ಬಂದರೆ ತುಟಿ ಅಂಟಿಕೊಂಡು ಬಿಡುತ್ತಿತ್ತು. ಹಾಗಿರುವಾಗ ಹತ್ತನೆಯ ತರಗತಿಯಲ್ಲಿ ಎದುರಾದದ್ದು ಪೈಥಾಗೊರಸನ ಪ್ರಮೇಯ. ಒಂದಲ್ಲ, ಎರಡು ಪಕಾರ! ಗಣಿತದ ಮಾಸ್ತರರು ಎಬ್ಬಿಸಿ ನಿಲ್ಲಿಸಿದಾಗ ನಾನು ಉಪಾಯವಾಗಿ ಸುಣ್ಣದ ಕಡ್ಡಿ ಹಿಡಿದು ಇಡೀ ಪ್ರಮೇಯವನ್ನು ಹಲಗೆಯ ಮೇಲೆ ಬರೆದುಬಿಟ್ಟೆ. ಅವರು ಅದನ್ನು ಕೊನೆಯ ಸಾಲಿನವರೆಗೂ ಓದಿ, "ಬರ್ದಿದ್ದು ಚಲೋ ಆತು. ಈಗ ಬಾಯಿಲೆ ಹೇಳು" ಎಂದರು. ಹಿಂದಿನ ಬೆಂಚಿನಿಂದ ಯಾರೋ ನನ್ನ ಪರವಾಗಿ "ಪೈಥಾಗೊರಸ್" ಎಂದು ಪಿಸುಗುಟ್ಟಿದಾಗ ಅತ್ತ ತಿರುಗಿಯೂ ನೋಡದೆ ಒಂದು ಬೆರಳನ್ನಷ್ಟೇ ಎತ್ತಿದರು. ತರಗತಿ ಮೌನವಾಯಿತು. ಆ ಮಾತು ನನ್ನ ಬಾಯಿಂದಲೇ ಹೊರಡುವವರೆಗೆ ಅವರು ಕಿಟಕಿಯಾಚೆಯ ಬೇವಿನ ಮರವನ್ನು ನೋಡುತ್ತ ನಿಂತಿದ್ದರು.

ಸಮಾರಂಭದಲ್ಲಿ ಅವರ ಛಡಿಯ ಕಥೆಗಳನ್ನು ಎಲ್ಲರೂ ನಗುನಗುತ್ತ ಹೇಳಿಕೊಂಡರು. ಏಟು ತಿಂದೇ ಮನುಷ್ಯರಾದೆವೆಂಬ ಮಾತನ್ನು ನಾನು ಒಪ್ಪಲಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ್ದು ಸರಿಯೆಂದೇ ನನ್ನ ನಂಬಿಕೆ. ಆದರೆ ನನ್ನ ಮಾತನ್ನು ಬೇರೆಯವರು ಆಡಲು ಬಿಡದಿದ್ದ ಅವರ ಆ ಬಿಗಿಗೆ ಇಂದಿಗೂ ಋಣಿಯಾಗಿದ್ದೇನೆ.

ಕನ್ನಡ ಕಲಿಸುತ್ತಿದ್ದ ಅಕ್ಕೋರು ಗದರಿದ್ದನ್ನು ನಾವ್ಯಾರೂ ಕೇಳಿದವರಲ್ಲ. ನಮ್ಮನ್ನು ಒಮ್ಮೆ ಗದಗಿನ ವೀರನಾರಾಯಣ ಗುಡಿಗೆ ಕರೆದೊಯ್ದು, ಕುಮಾರವ್ಯಾಸ ಒರಗಿ ಕುಳಿತು ಭಾರತವನ್ನು ರಚಿಸಿದನೆಂದು ಜನ ನಂಬುವ ಕಂಬದ ಬಳಿ ಕೂರಿಸಿ, ಭಾಮಿನಿ ಷಟ್ಪದಿಯ ಲೆಕ್ಕ ಹೇಳಿಕೊಟ್ಟಿದ್ದರು. ಮೂರು, ನಾಲ್ಕು, ಮೂರು, ನಾಲ್ಕು ಎಂದು ಹದಿನಾಲ್ಕು ಮಾತ್ರೆಯ ಸಾಲು. ಮೂರನೆಯ ಮತ್ತು ಆರನೆಯ ಸಾಲುಗಳಿಗೆ ಇನ್ನೊಂದು ಮೂರು, ನಾಲ್ಕು, ಕೊನೆಗೊಂದು ಗುರು. ತೊಡೆಯ ಮೇಲೆ ತಾಳ ಹಾಕುತ್ತ ಎಲ್ಲರೂ ಸರದಿಯಂತೆ ಓದಬೇಕಾಗಿತ್ತು. ನನ್ನ ಸರದಿ ಬಂದಾಗ ಇಡೀ ಪದ್ಯ ಒಂದು ಕಡೆಯೂ ತಡೆಯದೆ ಹರಿದು ಹೋಯಿತು. ಗೆಳೆಯರು ಅದನ್ನು ದೇವರ ಮಹಿಮೆಯೆಂದರು. ಅಕ್ಕೋರು ಮಾತ್ರ ಏನೂ ಹೇಳದೆ ಮರುದಿನದಿಂದ ಗದ್ಯವನ್ನೂ ನನ್ನಿಂದ ಅದೇ ತಾಳದಲ್ಲಿ ಓದಿಸತೊಡಗಿದರು, ಶಾಲೆ ಬಿಟ್ಟ ಮೇಲೆ, ದಿನಕ್ಕೊಂದು ಪುಟದಂತೆ, ಪರೀಕ್ಷೆಯವರೆಗೂ. ಉಗ್ಗು ಪೂರ್ತಿ ಹೋಗಲಿಲ್ಲ. ಅದರೊಡನೆ ಬದುಕುವ ದಾರಿ ಸಿಕ್ಕಿತು. ಇಂದು ಕಚೇರಿಯ ಸಭೆಗಳಲ್ಲಿಯೂ ಮೇಜಿನ ಕೆಳಗೆ ನನ್ನ ಬೆರಳು ಆಡುತ್ತಲೇ ಇರುತ್ತದೆ.

ಮೊನ್ನೆ ಧ್ವನಿವರ್ಧಕದ ಮುಂದೆ "ಪೂಜ್ಯ" ಎನ್ನಲು ಹೋಗಿ ಮೊದಲ ಅಕ್ಷರದಲ್ಲಿಯೇ ಸಿಕ್ಕಿಕೊಂಡೆ. ನಿರೂಪಣೆ ಮಾಡುತ್ತಿದ್ದ ಗೆಳೆಯ ನೆರವಾಗಲೆಂದು ಬಾಗಿದ. ಎದುರಿನ ಸಾಲಿನಲ್ಲಿ ಊರುಗೋಲು ಹಿಡಿದು ಕುಳಿತಿದ್ದ ಮಾಸ್ತರರ ಬೆರಳು ಮೇಲೆದ್ದಿತು. ಪಕ್ಕದಲ್ಲಿದ್ದ ಅಕ್ಕೋರ ಕೈ ಕುರ್ಚಿಯ ತೋಳಿನ ಮೇಲೆ ಮೆಲ್ಲನೆ ತಾಳ ಹಾಕುತ್ತಿತ್ತು. ಮಾತು ಹೊರಬಂತು, ಆದರೆ ಕಣ್ಣು ಮಂಜಾಗಿ ಚೀಟಿಯಲ್ಲಿದ್ದುದೇನೂ ಕಾಣದಾಯಿತು.

ಅದರಲ್ಲಿ ಉಳಿದಿದ್ದವರು ಇವರು: ನಸುಕಿನಲ್ಲೇ ಎದ್ದು ಇನ್ನೂರು ಜನರಿಗೆ ಗೋಧಿ ಹುಗ್ಗಿ ಮಾಡಿದ ಊರಿನ ತಾಯಂದಿರು, ಶಾಮಿಯಾನ ಹಾಕಿದವರು, ಹಳೆಯ ಗಂಟೆಯನ್ನು ಹುಡುಕಿ ತಂದು ಬಾರಿಸಿದ ನಮ್ಮ ನಿವೃತ್ತ ಜವಾನರು. ಎಲ್ಲರಿಗೂ, ಮೊದಲಾಗಿ ಮಾಸ್ತರರಿಗೆ ಮತ್ತು ಅಕ್ಕೋರಿಗೆ, ನನ್ನ ನಮಸ್ಕಾರಗಳು.