ಗಿಟಾರಿನ ಬಣ್ಣವಲ್ಲ, ಪಿಕಪ್ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಬದಿಯಡ್ಕ, ಕುಂಬಳೆ ಕಡೆಯ ಹುಡುಗರಿಗೆ ಈಗ ಹಾಲೋ-ಬಾಡಿ, ಅಂದರೆ ಒಡಲು ಟೊಳ್ಳಾಗಿರುವ ಎಲೆಕ್ಟ್ರಿಕ್ ಗಿಟಾರ್ ಮೇಲೆ ಮನಸ್ಸು. ಅಂಗಡಿಯಲ್ಲಿ ಬಣ್ಣ ತೋರಿಸುತ್ತಾರೆ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡಿ ಸ್ಪೀಕರಿಗೆ ಕಳಿಸುವ ಪಿಕಪ್ ಬಗ್ಗೆ ಯಾರೂ ಹೇಳುವುದಿಲ್ಲ. ನಾನೂ ಹಾಗೇ ಪಿ-90 ಎಂಬ ಬಗೆಯ ಪಿಕಪ್ ಇರುವ ಒಂದನ್ನು ತಂದೆ. ಸ್ವರ ಬಹಳ ಚೆಂದ, ಆದರೆ ಮದುವೆ ಚಪ್ಪರದಲ್ಲಿ ಟ್ಯೂಬ್‌ಲೈಟ್ ಪಕ್ಕ ನಿಂತಾಗ ಗುಂಯ್ ಅನ್ನುವ ಸದ್ದು ನಿಲ್ಲಲೇ ಇಲ್ಲ, ಹಾಡುವವರೂ ತಿರುಗಿ ನೋಡಿದರು. ಪಿ-90 ಒಂದೇ ತಂತಿ ಸುರುಳಿಯ ಪಿಕಪ್, ಸುತ್ತಲಿನ ಕರೆಂಟಿನ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಹಂಬಕರ್ ಎಂಬ ಇನ್ನೊಂದು ಬಗೆಯ ಪಿಕಪ್‌ನಲ್ಲಿ ಎರಡು ಸುರುಳಿ, ಒಂದರ ಗುಂಯ್‌ಗುಡುವಿಕೆಯನ್ನು ಇನ್ನೊಂದು ಅಳಿಸುತ್ತದೆ.

ಈಗ ಇಬಾನೆಜ್ ಕಂಪನಿಯ ಎಎಫ್75 ಗಿಟಾರ್ ನುಡಿಸುತ್ತಿದ್ದೇನೆ. ಎರಡು ಹಂಬಕರ್, ಒಳಗೆ ಪೂರ್ತಿ ಟೊಳ್ಳು. ಮನೆಯಲ್ಲಿ ಅದರ ದುಂಡನೆಯ ಸ್ವರಕ್ಕೆ ಸಾಟಿ ಇಲ್ಲ. ಜೋರು ಸ್ಪೀಕರ್ ಮುಂದೆ ಮಾತ್ರ ಕೂಗುತ್ತದೆ, ಏಕೆಂದರೆ ಟೊಳ್ಳು ಮರವೂ ಸ್ಪೀಕರಿನ ಸದ್ದಿಗೆ ನಡುಗುತ್ತದೆ ಅಲ್ವಾ. ವೇದಿಕೆಯಲ್ಲೇ ಜಾಸ್ತಿ ನುಡಿಸುವವರು ಒಡಲಿನ ನಡುವೆ ಮರದ ದಿಂಡು ಇರುವ, ಅದೇ ಕಂಪನಿಯ ಎಎಸ್73 ತರಹದ್ದನ್ನು ನೋಡಲಿ. ಎಪಿಫೋನ್ ಕಂಪನಿಯ ಕ್ಯಾಸಿನೊ ಗಿಟಾರ್ ಪಿ-90 ಪಿಕಪ್‌ನದ್ದು, ಪೂರ್ತಿ ಟೊಳ್ಳು, ಬೆಲೆಯೂ ಹೆಚ್ಚು.

ಇಂಥ ವಿಷಯಕ್ಕೆ ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಸ್ವಲ್ಪ ಜಾಗ ಕೊಡಿ.

– ಓದುಗ, ಬದಿಯಡ್ಕ, ಕಾಸರಗೋಡು