ನಿನ್ನ ಸತ್ಯ ನಿನಗೆ, ನನ್ನ ಸತ್ಯ ನನಗೆ ಅಂದೆಯಲ್ಲ

ಪ್ರಿಯ ಗೆಳೆಯಾ,

ಮೊನ್ನೆ ಫೋನ್ ಇಡುವ ಮುಂಚೆ ನೀನು ಹೇಳಿದ ಮಾತು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. "ನಿನ್ನ ಸತ್ಯ ನಿನಗೆ, ನನ್ನ ಸತ್ಯ ನನಗೆ. ಸುಮ್ನೆ ಯಾಕೆ ವಾದ?" ಜಗಳ ಬೇಡ ಅಂತ ಪ್ರೀತಿಯಿಂದಲೇ ಹೇಳಿದೆ, ಗೊತ್ತು. ನಾನೂ "ಹೌದು ಬಿಡು" ಅಂದುಬಿಟ್ಟೆ. ಆಮೇಲೆ ನಾಚಿಕೆಯಾಯಿತು. ನಂಬದ ಮಾತಿಗೆ ತಲೆಯಾಡಿಸಿದ್ದೆ. ಅದಕ್ಕೇ ಈ ಪತ್ರ.

ಹೋದ ವರ್ಷದ್ದು ನೆನಪಿದೆಯಾ? ನೀನು ಮೂರು ತಿಂಗಳು ಕೂತು ಮಾಡಿದ ಕೆಲಸಕ್ಕೆ ಇನ್ನೊಬ್ಬ ತನ್ನ ಹೆಸರು ಹಾಕಿಕೊಂಡಿದ್ದ. ರಾತ್ರಿ ಹನ್ನೊಂದಕ್ಕೆ ನಿನ್ನ ಫೋನ್ ಬಂತು. ದನಿ ನಡುಗುತ್ತಿತ್ತು. "ಇದು ಅನ್ಯಾಯ ಕಣೋ" ಅಂತ ಎರಡೆರಡು ಸಲ ಹೇಳಿದೆ. "ನನಗೆ ಇದು ಹಿಡಿಸಲಿಲ್ಲ" ಅಂತ ಹೇಳಲಿಲ್ಲ. ಅವತ್ತು ನಾನು "ನಿನ್ನ ಲೆಕ್ಕದಲ್ಲಿ ಕಳ್ಳತನ, ಅವನ ಲೆಕ್ಕದಲ್ಲಿ ಜಾಣತನ, ಇಬ್ಬರದ್ದೂ ಸರಿ" ಅಂದಿದ್ದರೆ ಮತ್ತೆ ನನ್ನ ಮುಖ ನೋಡುತ್ತಿರಲಿಲ್ಲ, ಅಲ್ವಾ? ಆ ರಾತ್ರಿ ನೀನು ಹಿಡಿದುಕೊಂಡಿದ್ದು ನಿಮ್ಮಿಬ್ಬರಿಗೂ ಮೇಲಿರುವ ಒಂದು ಸತ್ಯವನ್ನು. ಅವನು ಒಪ್ಪಲಿ ಬಿಡಲಿ, ಅದು ಅವನನ್ನೂ ಕೇಳುವಂಥದ್ದು.

2005ರ ಏಪ್ರಿಲ್ 18ರಂದು, ಹೊಸ ಪೋಪರ ಆಯ್ಕೆಗೆ ಮುಂಚೆ ಚರ್ಚಿನಲ್ಲಿ ನಡೆದ ಬಲಿಪೂಜೆಯಲ್ಲಿ (ಮಾಸ್) ಕಾರ್ಡಿನಲ್ ರಾಟ್ಸಿಂಗರ್ ಒಂದು ಪ್ರಬೋಧನೆ ಕೊಟ್ಟರು. ಯಾವುದನ್ನೂ ಖಚಿತ ಅಂತ ಒಪ್ಪದೆ, 'ನಾನು, ನನ್ನ ಆಸೆ' ಅನ್ನುವುದನ್ನೇ ಕೊನೆಯ ಅಳತೆಗೋಲು ಮಾಡಿಕೊಳ್ಳುವುದೂ ಒಂದು ಸರ್ವಾಧಿಕಾರವೇ ಅಂದರು. ಮಾರನೇ ದಿನ ಅವರೇ ಪೋಪ್ ಹದಿನಾರನೇ ಬೆನೆಡಿಕ್ಟ್ ಆದರು. ಸರ್ವಾಧಿಕಾರ ಅನ್ನುವ ಪದ ನನಗೆ ಮೊದಲು ಜಾಸ್ತಿ ಆಯಿತು ಅನ್ನಿಸಿತ್ತು. ಎಲ್ಲರನ್ನೂ ಅವರವರ ಪಾಡಿಗೆ ಬಿಡುವುದು ಹೇಗೆ ಸರ್ವಾಧಿಕಾರ? ಆಮೇಲೆ ಒಬ್ಬ ರೈತನ ಕಥೆ ಓದಿದೆ.

ಫ್ರಾನ್ಸ್ ಯೇಗರ್‌ಸ್ಟೆಟರ್ ಅಂತ, ಆಸ್ಟ್ರಿಯದ ಒಂದು ಸಣ್ಣ ಹಳ್ಳಿಯವನು. ಹುಟ್ಟುತ್ತಲೇ ಸಂತನೇನಲ್ಲ. ಪ್ರಾಯದಲ್ಲಿ ಮೋಟಾರ್‌ಸೈಕಲ್ ಹತ್ತಿ ಮೆರೆದವನು, ಮದುವೆಗೆ ಮುಂಚೆಯೇ ಒಂದು ಮಗುವಿನ ತಂದೆಯಾದವನು. ಮದುವೆಯಾದ ಮೇಲೆ ಭಕ್ತಿ ಗಟ್ಟಿಯಾಯಿತು. ಆಸ್ಟ್ರಿಯವನ್ನು ಹಿಟ್ಲರನ ಜರ್ಮನಿಗೆ ಸೇರಿಸಲು 1938ರಲ್ಲಿ ಮತದಾನ ನಡೆದಾಗ ಇಡೀ ಊರಿನಲ್ಲಿ 'ಬೇಡ' ಅಂದವನು ಇವನೊಬ್ಬನೇ. 1943ರಲ್ಲಿ ಸೈನ್ಯದಿಂದ ಕರೆ ಬಂತು. ಈ ಯುದ್ಧ ಅನ್ಯಾಯದ್ದು, ಹಿಟ್ಲರನಿಗಾಗಿ ಬಂದೂಕು ಹಿಡಿಯಲ್ಲ ಅಂದ. ಹೆಂಡತಿ, ಮೂರು ಪುಟ್ಟ ಹೆಣ್ಣುಮಕ್ಕಳು ಮನೆಯಲ್ಲಿ. ಊರವರು ಬುದ್ಧಿ ಹೇಳಿದರು. ಪಾದ್ರಿಗಳು ಹೇಳಿದರು. ಅಲ್ಲಿನ ಲಿಂಟ್ಸ್ ನಗರದ ಬಿಷಪರೂ ಸಂಸಾರದ ಕಡೆ ನೋಡು ಅಂದರು. ಕೈಗೆ ಕೋಳ ಬಿದ್ದರೂ ಮನಸ್ಸಿಗೆ ಬೀಳುವುದಕ್ಕಿಂತ ಅದೇ ಮೇಲು ಅಂತ ಜೈಲಿನಿಂದ ಬರೆದ. ಆಗಸ್ಟ್ 9ರಂದು ಅವನ ತಲೆ ಕಡಿದರು.

ಈಗ ನಿನ್ನ ಮಾತನ್ನು ಇವನ ಪಕ್ಕ ಇಟ್ಟು ನೋಡು. ಕಾನೂನು ಆ ಕಡೆ, ಊರು ಆ ಕಡೆ, ಕಾಲ ಆ ಕಡೆ. ಅವರವರ ಮೂಗಿನ ನೇರಕ್ಕೆ ಅವರವರ ಸತ್ಯ ಅನ್ನುವುದಾದರೆ ಇವನಿಗೆ ಉಳಿಯುವುದೇನು? ಒಂದು ಹಟ, ಅಷ್ಟೇ. ಎಲ್ಲರಿಗೂ ಮೇಲಿನ ಸತ್ಯ ಒಂದು ಇಲ್ಲ ಅಂದಮೇಲೆ ಗೆಲ್ಲುವುದು ತಲೆ ಎಣಿಕೆ, ಇಲ್ಲಾ ಬಂದೂಕು. ಸರ್ವಾಧಿಕಾರ ಅಂದಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಯಾವ ಉದ್ದೇಶಕ್ಕೆ ಮಾಡಿದರೂ ಕೆಲವು ಕೆಲಸಗಳು ತಪ್ಪೇ ಅಂತ ಬೆನೆಡಿಕ್ಟರಿಗೆ ಮುಂಚಿನ ಪೋಪ್ ಎರಡನೇ ಜಾನ್ ಪೌಲ್ 1993ರಲ್ಲಿ ಒಂದು ದೊಡ್ಡ ಪತ್ರವನ್ನೇ ಬರೆದಿದ್ದಾರೆ. ಓದಲು ಸ್ವಲ್ಪ ಕಷ್ಟ, ನಿನಗೆ ಶಿಫಾರಸು ಮಾಡಲ್ಲ.

ನೀನು ಕೇಳುವುದು ಗೊತ್ತು. "ಸತ್ಯ ನಮ್ಮ ಕೈಯಲ್ಲಿದೆ ಅಂದವರೇ ಅಲ್ಲವಾ ಜನರನ್ನು ಸುಟ್ಟಿದ್ದು?" ಹೌದು, ನಮ್ಮ ಕ್ಯಾಥೋಲಿಕರೇ ಮಾಡಿದ್ದಾರೆ. 2000ದ ಮಾರ್ಚ್‌ನಲ್ಲಿ ಅದೇ ಜಾನ್ ಪೌಲರು, ಸತ್ಯದ ಹೆಸರಿನಲ್ಲಿ ನಡೆದ ಹಿಂಸೆಗೂ ಸೇರಿಸಿ, ದೇವರ ಮುಂದೆ ಕ್ಷಮೆ ಕೇಳಿದರು. ಆದರೆ ಅದು ತಪ್ಪು ಅನ್ನಬೇಕಾದರೂ ಒಂದು ಅಳತೆಗೋಲು ಬೇಕಲ್ಲ? ಯೇಗರ್‌ಸ್ಟೆಟರ್ ಬಿಷಪರ ಮಾತು ಕೇಳದೆ ಸತ್ತ. 2007ರಲ್ಲಿ ಕ್ಯಾಥೋಲಿಕ್ ಧರ್ಮಸಭೆ ಅವನಿಗೆ ಪುನೀತ ಪದವಿ (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಕೊಟ್ಟಿದ್ದು ಅದೇ ಲಿಂಟ್ಸ್‌ನ ದೊಡ್ಡ ಚರ್ಚಿನಲ್ಲಿ. ಅವನ ಹೆಂಡತಿ ಅಲ್ಲೇ ಇದ್ದರು. 94 ವರ್ಷ ಅವರಿಗೆ. ಸತ್ಯ ಬಿಷಪರ ಸ್ವತ್ತಲ್ಲ ಅಂತ ನನಗೆ ಕಲಿಸಿದ್ದು ಆ ಚಿತ್ರ.

ಬೇರೆ ಧರ್ಮಗಳ ಬಗ್ಗೆ ಕೇಳಿದ್ದೆಯಲ್ಲ. ಅವುಗಳಲ್ಲಿರುವ ಸತ್ಯವಾದದ್ದು, ಪವಿತ್ರವಾದದ್ದು ಯಾವುದನ್ನೂ ನಾವು ತಳ್ಳಿಹಾಕಲ್ಲ ಅಂತ ಲೋಕದ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ಸತ್ಯ ತನ್ನ ಬಲದಿಂದಲೇ ಮನಸ್ಸಿಗೆ ಇಳಿಯಬೇಕು, ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಕೂಡದು ಅಂತಲೂ ಅದೇ ವರ್ಷ ಹೇಳಿತು. ಹಾಗಂತ ಎಲ್ಲವೂ ಒಂದೇ ಅನ್ನಲಿಲ್ಲ. ಕ್ರಿಸ್ತನೇ ಸತ್ಯ ಅನ್ನುವುದನ್ನು ಬಿಟ್ಟುಕೊಡಲೂ ಇಲ್ಲ. ನಾನೂ ಬಿಟ್ಟುಕೊಡಲ್ಲ. ನಿನ್ನ ಹತ್ತಿರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ನನಗೆ ಬೇಡ.

ಇದನ್ನೆಲ್ಲ ಜಂಬದಿಂದ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಕಳೆದ ತಿಂಗಳು ಪಾಪನಿವೇದನೆಗೆ, ಅಂದರೆ ಮಾಡಿದ ತಪ್ಪನ್ನು ಪಾದ್ರಿಯ ಮುಂದೆ ಒಪ್ಪಿಕೊಂಡು ದೇವರ ಕ್ಷಮೆ ಕೇಳಲು, ಹೋಗಿದ್ದೆ. ಮರದ ಜಾಲರಿಯ ಈಚೆ ಮೊಣಕಾಲೂರಿ ಕೂತಿದ್ದೆ. ಅಣ್ಣನಿಗೆ ಒಂದು ಸುಳ್ಳು ಹೇಳಿದ್ದೆ. ಅದನ್ನು ಹೇಳುವ ಮುಂಚೆ ಆಗಿನ ಪರಿಸ್ಥಿತಿ, ಅಣ್ಣನ ಸಿಟ್ಟು, ನನ್ನ ಕಷ್ಟ ಎಲ್ಲ ವಿವರಿಸಿದೆ. ಐದು ನಿಮಿಷವಾದರೂ ಆಗಿರಬೇಕು. ಫಾದರ್ ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ, "ಅದು ಸರಿ, ನೀವು ಮಾಡಿದ್ದೇನು?" ಅಂದರು. ನನ್ನ ಸತ್ಯ ಅಲ್ಲಿಗೆ ಮುಗಿಯಿತು. "ಸುಳ್ಳು ಹೇಳಿದೆ ಫಾದರ್" ಅಂದೆ. ಎದ್ದು ಬರುವಾಗ ಎಷ್ಟು ಹಗುರವಾಗಿತ್ತು ಅಂತ ನಿನಗೆ ಹೇಗೆ ಹೇಳಲಿ? ತಪ್ಪು ನಿಜವಾದ ತಪ್ಪಾಗಿದ್ದರೆ ತಾನೆ ಕ್ಷಮೆಯೂ ನಿಜವಾಗುವುದು?

ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡು. ಆ ರೈತ ಮಾಡಿದ್ದು ಸರಿಯಾ, ಇಲ್ಲಾ ಅವನಿಗೆ ಮಾತ್ರ ಸರಿ ಅನ್ನಿಸಿತ್ತಾ? ಯೋಚಿಸಿ ಫೋನ್ ಮಾಡು. ರಾತ್ರಿ ಹನ್ನೊಂದಾದರೂ ಪರವಾಗಿಲ್ಲ.

ನಿನ್ನ ಗೆಳೆಯ